ಹಳೆಯ ಬಸಾಲ್ಟಿನ ರಸಾಯನದಿಂದ ಜ್ವಾಲಾಮುಖಿ ಸಾಲಿನ ಹುಟ್ಟನ್ನು ಪತ್ತೆಹಚ್ಚುವ ಕ್ರಮ

ಜಪಾನಿನ ಇಜು ಪರ್ಯಾಯ ದ್ವೀಪದ ಬಳಿಯಿಂದ ಹೊರಟು, ಬೋನಿನ್ ಮತ್ತು ಮರಿಯಾನಾ ದ್ವೀಪಗಳನ್ನು ಹಾದು, ಗುವಾಮ್‌ನ ಆಚೆಗೂ ಚಾಚಿರುವ ಸುಮಾರು 2,800 ಕಿಲೋಮೀಟರ್ ಉದ್ದದ ಬಾಗಿದ ಜ್ವಾಲಾಮುಖಿ ಸಾಲೊಂದು ಪಶ್ಚಿಮ ಪೆಸಿಫಿಕ್ ಸಾಗರದಲ್ಲಿದೆ. ಪೆಸಿಫಿಕ್ ಭೂಫಲಕವು ಫಿಲಿಪ್ಪೀನ್ ಸಮುದ್ರ ಭೂಫಲಕದ ಅಡಿಗೆ ಜಾರಿ ಇಳಿಯುತ್ತಿರುವುದರಿಂದ ಈ ಸಾಲು ಇಂದಿಗೂ ಸಕ್ರಿಯವಾಗಿದೆ. ಹೀಗೆ ಒಂದು ಫಲಕ ಇನ್ನೊಂದರ ಕೆಳಗೆ ಇಳಿಯುವ ಕ್ರಿಯೆಯನ್ನು ಸಬ್‌ಡಕ್ಷನ್ ಎನ್ನುತ್ತಾರೆ. ಈ ಇಳಿತಕ್ಕೆ ಎಂದೋ ಒಂದು ದಿನ ಆರಂಭ ಇದ್ದಿರಲೇಬೇಕು. ಇಂದು ಹೊಗೆಯಾಡುತ್ತಿರುವ ಜ್ವಾಲಾಮುಖಿಗಳು ಆ ಆರಂಭದ ಬಗ್ಗೆ ಏನೂ ಹೇಳಲಾರವು, ಏಕೆಂದರೆ ಅವು ಬಲಿತ ವ್ಯವಸ್ಥೆಯೊಂದರ ಉತ್ಪನ್ನಗಳು. ಆರಂಭದ ದಾಖಲೆ ಉಳಿದಿರುವುದು ಫಲಕ ಇಳಿಯುವಲ್ಲಿ ಸಾಗರತಳದಲ್ಲಿ ಉಂಟಾಗುವ ಆಳವಾದ ಕಂದಕಕ್ಕೆ ಹತ್ತಿರದ ಇಳಿಜಾರಿನಲ್ಲಿ ನೀರಿನಡಿ ಮುಳುಗಿರುವ, ಐದು ಕೋಟಿ ವರ್ಷಗಳಿಗೂ ಹಳೆಯದಾದ ಬಸಾಲ್ಟ್ ಎಂಬ ಕಪ್ಪು ಲಾವಾ ಶಿಲೆಗಳಲ್ಲಿ.

ಆ ದಾಖಲೆಯನ್ನು ಓದುವ ಕ್ರಮವನ್ನು, ಶಿಲೆಯ ತುಂಡನ್ನು ಆರಿಸುವಲ್ಲಿಂದ ತೀರ್ಮಾನ ಬರೆಯುವವರೆಗೆ, ಇಲ್ಲಿ ವಿವರಿಸಿದ್ದೇನೆ. ಭೂವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಮುಖ್ಯವಾಗಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಸ್ವಂತ ಮಾದರಿಗಳಿಲ್ಲದವರೂ ಜಿಯೋರಾಕ್ ಮತ್ತು ಪೆಟ್‌ಡಿಬಿ ಎಂಬ ಸಾರ್ವಜನಿಕ ದತ್ತಸಂಗ್ರಹಗಳಿಂದ ವಿಶ್ಲೇಷಣೆಯ ಅಂಕಿಗಳನ್ನು ಇಳಿಸಿಕೊಂಡು ಇದನ್ನು ಅಭ್ಯಾಸ ಮಾಡಬಹುದು.

ಕೆಲಸಕ್ಕೆ ಇಳಿಯುವ ಮುನ್ನ ಒಂದು ಮಾತನ್ನು ಗಟ್ಟಿಯಾಗಿ ಗ್ರಹಿಸಬೇಕು. ಜ್ವಾಲಾಮುಖಿ ಸಾಲು ಹುಟ್ಟುವಾಗ ಮೊಟ್ಟಮೊದಲು ಹೊರಬಂದ ಲಾವಾದಲ್ಲಿ ಜ್ವಾಲಾಮುಖಿ ಸಾಲಿನ ರಾಸಾಯನಿಕ ಗುರುತು ಬಹುತೇಕ ಇರುವುದೇ ಇಲ್ಲ. ಆದ್ದರಿಂದ ಒಂದು ಮಾದರಿಯನ್ನು ಒಂದು ನಕ್ಷೆಯಲ್ಲಿ ಗುರುತಿಸಿ, ಅದು ಬಿದ್ದ ವಲಯದ ಹೆಸರನ್ನು ಓದಿ ಹೇಳುವುದರಿಂದ ಹುಟ್ಟಿನ ಕಥೆ ಸಿಗುವುದಿಲ್ಲ. ಯಾವುದು ಮೊದಲು, ಯಾವುದು ನಂತರ ಎಂಬ ಅನುಕ್ರಮವೇ ಇಲ್ಲಿ ಸಾಕ್ಷ್ಯ.

ಹುಡುಕಬೇಕಾದ ಅನುಕ್ರಮ

ಇಜು-ಬೋನಿನ್-ಮರಿಯಾನಾ ಪ್ರದೇಶದಲ್ಲಿ ಈ ಅನುಕ್ರಮ ಸ್ಪಷ್ಟವಾಗಿ ಉಳಿದಿದೆ. ಗುವಾಮ್‌ನ ಆಗ್ನೇಯಕ್ಕೆ ಮರಿಯಾನಾ ಕಂದಕದ ಇಳಿಜಾರಿನಲ್ಲಿ ಜಪಾನಿನ ಶಿಂಕಾಯ್ 6500 ಎಂಬ ಮಾನವಸಹಿತ ಜಲಾಂತರ್ಗಾಮಿ ಇಳಿದು ನೋಡಿದಾಗ, ಸಾಗರಮಧ್ಯದ ಪರ್ವತಶ್ರೇಣಿಗಳಲ್ಲಿ ಉಕ್ಕುವ ಬಸಾಲ್ಟಿನಂತೆಯೇ ಕಾಣುವ ಲಾವಾ ವಿಶಾಲವಾಗಿ ಹರಡಿರುವುದು ತಿಳಿಯಿತು. ಸಾಗರಮಧ್ಯದ ಆ ಬಸಾಲ್ಟನ್ನು ಭೂವಿಜ್ಞಾನಿಗಳು ಸಂಕ್ಷಿಪ್ತವಾಗಿ ಮಾರ್ಬ್ ಎನ್ನುತ್ತಾರೆ. ಕಂದಕದ ಬದಿಯಲ್ಲಿ ಸಿಕ್ಕಿದ್ದಕ್ಕೆ ಫೋರ್‌ಆರ್ಕ್ ಬಸಾಲ್ಟ್ ಎಂದು 2010ರಲ್ಲಿ ಹೆಸರು ಬಂತು. ಅದರ ಕೆಳಗೆ, ನೆಲದೊಳಗೇ ತಣಿದು ಗಟ್ಟಿಯಾದ ಡಯಾಬೇಸ್ ಮತ್ತು ಗ್ಯಾಬ್ರೋ ಶಿಲೆಗಳಿದ್ದವು, ಮೇಲೆ ಬೋನಿನೈಟ್ ಎಂಬ ವಿಶಿಷ್ಟ ಲಾವಾ ಇತ್ತು.

2014ರಲ್ಲಿ ಜಾಯ್ಡಸ್ ರೆಸಲ್ಯೂಷನ್ ಎಂಬ ಕೊರೆಯುವ ಹಡಗು ಇದೇ ಪ್ರಶ್ನೆಗಾಗಿ ಒಂದರ ಹಿಂದೊಂದು ಎರಡು ಯಾನಗಳನ್ನು ಕೈಗೊಂಡಿತು. 351ನೆಯ ಯಾನವು ಕ್ಯುಷು-ಪಲಾವ್ ಎಂಬ ಸಾಗರತಳದ ಏಣಿನ ಪಶ್ಚಿಮಕ್ಕಿರುವ ಅಮಾಮಿ ಸಂಕಾಕು ಜಲಾನಯನದಲ್ಲಿ, ಯು1438 ಎಂಬ ತಾಣದಲ್ಲಿ, 1,461 ಮೀಟರ್ ದಪ್ಪದ ಮಡ್ಡಿಯನ್ನು ದಾಟಿ ಕೆಳಗಿನ ಬಸಾಲ್ಟಿನೊಳಗೆ 150 ಮೀಟರ್ ಇಳಿಯಿತು. 352ನೆಯ ಯಾನವು ಬೋನಿನ್ ದ್ವೀಪಗಳ ಪೂರ್ವದ ಇಳಿಜಾರಿನಲ್ಲಿ ನಾಲ್ಕು ತಾಣಗಳನ್ನು ಕೊರೆಯಿತು. ಕಂದಕಕ್ಕೆ ಹತ್ತಿರದ ಯು1440 ಮತ್ತು ಯು1441ರಲ್ಲಿ ಫೋರ್‌ಆರ್ಕ್ ಬಸಾಲ್ಟ್ ದೊರೆಯಿತು, ಇಳಿಜಾರಿನ ಮೇಲ್ಭಾಗದ ಯು1439 ಮತ್ತು ಯು1442ರಲ್ಲಿ ಬೋನಿನೈಟ್ ದೊರೆಯಿತು. ನಂತರದ ಕಾಲನಿರ್ಣಯದಿಂದ ಫೋರ್‌ಆರ್ಕ್ ಬಸಾಲ್ಟ್ ಸುಮಾರು 5.19ರಿಂದ 5.13 ಕೋಟಿ ವರ್ಷಗಳ ಹಿಂದಿನದು, ಬೋನಿನೈಟ್ ಸುಮಾರು 5.13ರಿಂದ 5.03 ಕೋಟಿ ವರ್ಷಗಳ ಹಿಂದಿನದು ಎಂದು ಗೊತ್ತಾಯಿತು. ಇಂದಿನ ಜ್ವಾಲಾಮುಖಿಗಳನ್ನು ಹೋಲುವ ಸಾಮಾನ್ಯ ಲಾವಾ ನೆಲೆಗೊಂಡದ್ದು ಅದಕ್ಕೂ ಹಲವು ದಶಲಕ್ಷ ವರ್ಷಗಳ ನಂತರ.

ಈ ಕ್ರಮದ ಹಿಂದಿನ ಕಾರಣವನ್ನು ಅರ್ಥ ಮಾಡಿಕೊಂಡರೆ ಮುಂದಿನ ಪ್ರತಿಯೊಂದು ಅನುಪಾತವೂ ತಾನಾಗಿ ಅರ್ಥವಾಗುತ್ತದೆ. ಹಳೆಯದಾಗಿ, ತಣ್ಣಗಾಗಿ, ಭಾರವಾದ ಫಲಕ ಕುಸಿಯತೊಡಗಿದಾಗ ಮೇಲಿನ ಫಲಕದ ಅಂಚು ಹಿಗ್ಗಿ ಬಿರಿಯುತ್ತದೆ. ತೆರೆದ ಜಾಗಕ್ಕೆ ಭೂಕವಚದ ಕೆಳಗಿನ ಬಿಸಿ ಶಿಲಾಪದರವಾದ ಮ್ಯಾಂಟಲ್ ಏರಿ ಬರುತ್ತದೆ. ಮೇಲೇರಿದಂತೆ ಒತ್ತಡ ಇಳಿಯುವುದರಿಂದ, ಹೊರಗಿನ ನೀರಿನ ನೆರವಿಲ್ಲದೆಯೇ ಅದು ಭಾಗಶಃ ಕರಗುತ್ತದೆ. ಈ ಹಂತದಲ್ಲಿ ಹುಟ್ಟುವುದು ಫೋರ್‌ಆರ್ಕ್ ಬಸಾಲ್ಟ್. ಸ್ವಲ್ಪ ಕಾಲದ ನಂತರ ಮುಳುಗಿದ ಫಲಕದಿಂದ ನೀರು ಬಿಡುಗಡೆಯಾಗಿ, ಈಗಾಗಲೇ ಒಮ್ಮೆ ಕರಗಿ ಸಾರ ಕಳೆದುಕೊಂಡ ಅದೇ ಮ್ಯಾಂಟಲನ್ನು ತಲುಪುತ್ತದೆ. ನೀರು ಕರಗುವ ಉಷ್ಣತೆಯನ್ನು ತಗ್ಗಿಸುವುದರಿಂದ ಅದು ಮತ್ತೊಮ್ಮೆ ಕರಗುತ್ತದೆ. ಒಮ್ಮೆ ಡಿಕಾಕ್ಷನ್ ಇಳಿಸಿದ ಕಾಫಿಪುಡಿಗೆ ಎರಡನೆಯ ಸಲ ಬಿಸಿನೀರು ಹಾಕಿದರೆ ಸಿಗುವ ತೆಳ್ಳನೆಯ ಡಿಕಾಕ್ಷನ್‌ನಂತೆ, ಈ ಎರಡನೆಯ ದ್ರವದಲ್ಲಿ ಟೈಟಾನಿಯಂ ಮುಂತಾದವು ತೀರ ಕಡಿಮೆ ಇರುತ್ತವೆ. ಇದೇ ಬೋನಿನೈಟ್.

ಮಾದರಿಯನ್ನು ಆರಿಸುವುದು

ಸಮುದ್ರದಡಿಯ ಬಸಾಲ್ಟ್ ಕೋಟ್ಯಂತರ ವರ್ಷ ಉಪ್ಪುನೀರಿನೊಂದಿಗೆ ಪ್ರತಿಕ್ರಿಯಿಸುತ್ತ ಇದ್ದಿರುತ್ತದೆ. ಆದ್ದರಿಂದ ಮೊದಲ ಪ್ರಶ್ನೆ, ಈ ತುಂಡಿನಲ್ಲಿ ಮೂಲ ರಸಾಯನ ಎಷ್ಟು ಉಳಿದಿದೆ ಎಂಬುದು. ಕೈಮಸೂರದಲ್ಲಿ ನೋಡಿದಾಗ ಶಿಲೆಯ ಒಳಭಾಗ ಬೂದುಗಪ್ಪಾಗಿದ್ದು ಅಂಚು ಕಂದು ಅಥವಾ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಆ ಅಂಚನ್ನು ಪೂರ್ತಿ ಕತ್ತರಿಸಿ ತೆಗೆಯಬೇಕು. ಅನಿಲದ ಗುಳ್ಳೆಗಳಿದ್ದ ತೂತುಗಳಲ್ಲಿ ಬಿಳಿಯ ಕ್ಯಾಲ್ಸೈಟ್ ಅಥವಾ ಜಿಯೋಲೈಟ್ ತುಂಬಿಕೊಂಡಿದ್ದರೆ ಅಂಥ ಜಾಗವನ್ನು ಬಿಡಬೇಕು. ಬೇರೆ ತುಂಡೇ ಇಲ್ಲದಿದ್ದರೆ ಚೂರು ಮಾಡಿ, ಬಿಳಿಯ ಚೂರುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಚಿಮುಟದಿಂದ ಒಂದೊಂದಾಗಿ ಆಯ್ದು ತೆಗೆಯಬೇಕು. ಇದು ಬೇಸರ ತರುವ ಕೆಲಸವೇ ಸರಿ, ಆದರೆ ಇಲ್ಲಿ ಉಳಿಸಿದ ಸಮಯ ಮುಂದೆ ಯಾವ ಯಂತ್ರದಿಂದಲೂ ಮರಳಿ ಸಿಗದ ನಷ್ಟವಾಗುತ್ತದೆ.

ನೀರಿನಡಿ ಹರಿದ ದಿಂಬಿನಾಕಾರದ ಲಾವಾದಲ್ಲಿ ಹೊರಪದರ ತಟ್ಟನೆ ತಣಿದು ಗಾಜಾಗಿರುತ್ತದೆ. ಈ ಗಾಜು ಕಪ್ಪಾಗಿ, ಹೊಳಪಾಗಿ ಉಳಿದಿದ್ದರೆ ಅದಕ್ಕಿಂತ ಒಳ್ಳೆಯ ವಸ್ತುವಿಲ್ಲ. ಅದು ಹರಳುಗಳ ಬೆರಕೆಯಿಲ್ಲದೆ ಹೆಪ್ಪುಗಟ್ಟಿದ ದ್ರವ, ಧಾತುಗಳ ಪ್ರಮಾಣ ಅಳೆಯುವ ಯಂತ್ರಗಳಾದ ಇಲೆಕ್ಟ್ರಾನ್ ಮೈಕ್ರೋಪ್ರೋಬ್ ಮತ್ತು ಲೇಸರ್ ಐಸಿಪಿ-ಎಂಎಸ್ ಮೂಲಕ ಅದನ್ನು ನೇರವಾಗಿ ಅಳೆಯಬಹುದು. ಗಾಜು ಹಳದಿಯಾಗಿ ಪ್ಯಾಲಗೊನೈಟ್ ಆಗಿದ್ದರೆ ಅದನ್ನು ಮುಟ್ಟದೆ, ದಿಂಬಿನ ಒಳಗಿನ ಸಣ್ಣ ಹರಳಿನ ಭಾಗವನ್ನು ಆರಿಸಬೇಕು. ದೊಡ್ಡ ಹರಳುಗಳು ಗುಂಪುಗೂಡಿದ ಶಿಲೆ ನೋಡಲು ಸುಂದರವಾಗಿದ್ದರೂ ಈ ಕೆಲಸಕ್ಕೆ ಒದಗುವುದಿಲ್ಲ, ಏಕೆಂದರೆ ಅದರ ರಸಾಯನ ಲಾವಾದ್ದಾಗಿರದೆ ಶೇಖರವಾದ ಹರಳುಗಳದ್ದಾಗಿರುತ್ತದೆ.

ಪ್ರತಿ ಮಾದರಿಯ ಸ್ಥಾನವನ್ನು, ಅದರ ಮೇಲೆ ಮತ್ತು ಕೆಳಗೆ ಏನಿತ್ತು ಎಂಬುದನ್ನು, ಅದು ಹರಿದ ಲಾವಾವೋ ನಂತರ ಬಿರುಕಿನೊಳಗೆ ನುಗ್ಗಿ ಬಂದು ಗಟ್ಟಿಯಾದ ಡೈಕೋ ಎಂಬುದನ್ನು ಅಲ್ಲೇ ಬರೆದಿಡಬೇಕು. ಡೈಕನ್ನು ಲಾವಾ ಎಂದು ತಪ್ಪಾಗಿ ಗುರುತಿಸಿದರೆ ಕಿರಿಯ ಶಿಲೆ ಹಿರಿಯ ಶಿಲೆಗಳ ನಡುವೆ ಸೇರಿಕೊಂಡು ಇಡೀ ಅನುಕ್ರಮವನ್ನು ಕೆಡಿಸುತ್ತದೆ.

ಪುಡಿ ಮಾಡಿ ಅಳೆಯುವುದು

ಚೂರುಗಳನ್ನು ಶುದ್ಧ ನೀರಿನಲ್ಲಿ ಹಲವು ಸಲ ತೊಳೆದು ಉಪ್ಪು ತೆಗೆದು ಒಣಗಿಸಬೇಕು. ಪುಡಿ ಮಾಡಲು ಅಗೇಟ್ ಅಥವಾ ಅಲ್ಯೂಮಿನಾ ಪಾತ್ರೆಯನ್ನೇ ಬಳಸಬೇಕು. ಟಂಗ್‌ಸ್ಟನ್ ಕಾರ್ಬೈಡ್ ಪಾತ್ರೆಯಿಂದ ಟಂಗ್‌ಸ್ಟನ್ ಮತ್ತು ಕೋಬಾಲ್ಟ್ ಜತೆಗೆ ಟ್ಯಾಂಟಲಂ, ಅಲ್ಪ ನಿಯೋಬಿಯಂ ಸಹ ಪುಡಿಯೊಳಗೆ ಸೇರುತ್ತವೆ. ನಮ್ಮ ತೀರ್ಮಾನ ನಿಂತಿರುವುದೇ ನಿಯೋಬಿಯಂ ಮೇಲೆ.

ಪ್ರಧಾನ ಆಕ್ಸೈಡ್‌ಗಳಿಗೆ ಲಿಥಿಯಂ ಬೋರೇಟ್‌ನೊಂದಿಗೆ ಕರಗಿಸಿ ಮಾಡಿದ ಗಾಜಿನ ಬಿಲ್ಲೆಯನ್ನು ಎಕ್ಸ್‌ಆರ್‌ಎಫ್ ಎಂಬ ಎಕ್ಸ್-ಕಿರಣದ ಯಂತ್ರದಲ್ಲಿ ಅಳೆಯುವುದು ರೂಢಿ. ಶಿಲೆಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ವಿರಳ ಧಾತುಗಳಿಗೆ ಹೈಡ್ರೋಫ್ಲೋರಿಕ್ ಮತ್ತು ನೈಟ್ರಿಕ್ ಆಮ್ಲಗಳಲ್ಲಿ ಕರಗಿಸಿ ಐಸಿಪಿ-ಎಂಎಸ್‌ನಲ್ಲಿ ಅಳೆಯುತ್ತಾರೆ. ಹೈಡ್ರೋಫ್ಲೋರಿಕ್ ಆಮ್ಲ ಚರ್ಮದ ಮೂಲಕ ಒಳಹೊಕ್ಕು ಪ್ರಾಣಕ್ಕೇ ಎರವಾಗಬಲ್ಲದು. ತರಬೇತಿ ಪಡೆದವರ ಮೇಲ್ವಿಚಾರಣೆ, ಸರಿಯಾದ ಕೈಗವಸು, ಗಾಳಿ ಹೀರುವ ಕಪಾಟು ಮತ್ತು ಕೈಗೆಟುಕುವಲ್ಲಿ ಕ್ಯಾಲ್ಸಿಯಂ ಗ್ಲೂಕೊನೇಟ್ ಜೆಲ್ ಇಲ್ಲದೆ ಯಾರೂ ಅದರ ಬಾಟಲಿಯನ್ನು ತೆರೆಯಬಾರದು.

ಯಂತ್ರವನ್ನು ಪರೀಕ್ಷಿಸಲು ಬಳಸುವ, ಧಾತುಗಳ ಪ್ರಮಾಣ ಮೊದಲೇ ತಿಳಿದಿರುವ ಪ್ರಮಾಣಿತ ಶಿಲಾಪುಡಿಯ ಆಯ್ಕೆಯ ಬಗ್ಗೆ ಹೆಚ್ಚು ಎಚ್ಚರ ಬೇಕು. ಎಲ್ಲೆಡೆ ಬಳಕೆಯಲ್ಲಿರುವ ಬಿಎಚ್‌ವಿಒ-2 ಹವಾಯಿಯ ಬಸಾಲ್ಟ್. ಅದರಲ್ಲಿ ನಿಯೋಬಿಯಂ ಸುಮಾರು 18 ಪಿಪಿಎಂ (ಹತ್ತು ಲಕ್ಷದಲ್ಲಿ 18 ಪಾಲು) ಇದೆ, ಆದರೆ ಫೋರ್‌ಆರ್ಕ್ ಬಸಾಲ್ಟ್ ಮತ್ತು ಬೋನಿನೈಟ್‌ಗಳಲ್ಲಿ ನಿಯೋಬಿಯಂ 1 ಪಿಪಿಎಂ ಆಸುಪಾಸಿನಲ್ಲಿರುತ್ತದೆ, ಥೋರಿಯಂ ಇನ್ನೂ ಕಡಿಮೆ. ಹೆಚ್ಚು ಪ್ರಮಾಣದ ಪುಡಿಯಲ್ಲಿ ಸರಿಯಾದ ಉತ್ತರ ಬಂತೆಂದ ಮಾತ್ರಕ್ಕೆ ಕಡಿಮೆ ಪ್ರಮಾಣದಲ್ಲೂ ಯಂತ್ರ ಸರಿಯಾಗಿದೆ ಎನ್ನಲಾಗದು. ಐಸ್‌ಲ್ಯಾಂಡಿನ ಬಿಐಆರ್-1ರಲ್ಲಿ ಈ ಎರಡೂ ಧಾತುಗಳು ನಮ್ಮ ಮಾದರಿಗಳಷ್ಟೇ ಅಥವಾ ಅದಕ್ಕಿಂತ ಕಡಿಮೆ ಇರುವುದರಿಂದ ಅದನ್ನು ಪ್ರತಿ ಸರದಿಯಲ್ಲೂ ಅಪರಿಚಿತ ಮಾದರಿಯಂತೆ ಓಡಿಸಬೇಕು. ಶಿಲೆ ಹಾಕದೆ ಆಮ್ಲಗಳನ್ನಷ್ಟೇ ಓಡಿಸಿದ ಖಾಲಿ ಮಾದರಿಯ ಅಂಕಿಯನ್ನೂ ಪಟ್ಟಿಯಲ್ಲಿ ಕೊಡಬೇಕು.

ಬಂದ ಅಂಕಿಗಳನ್ನು ಬಳಸುವ ಮುನ್ನ ನೀರಿನ ಪಾಲನ್ನು ಕಳೆಯಬೇಕು. ಪುಡಿಯನ್ನು ಕಾಯಿಸಿದಾಗ ಕಳೆದುಹೋಗುವ ತೂಕವನ್ನು ಬಿಟ್ಟು ಉಳಿದ ಆಕ್ಸೈಡ್‌ಗಳ ಮೊತ್ತ ಶೇ. 96.0 ಇದೆ, ಸಿಲಿಕಾ ಶೇ. 50.4 ಇದೆ ಎಂದು ಭಾವಿಸೋಣ. 50.4ನ್ನು 0.96ರಿಂದ ಭಾಗಿಸಿದರೆ 52.5 ಬರುತ್ತದೆ. ಬೋನಿನೈಟ್ ಎನ್ನಲು ಸಿಲಿಕಾ ಶೇ. 52ಕ್ಕಿಂತ ಹೆಚ್ಚು, ಮೆಗ್ನೀಸಿಯಂ ಆಕ್ಸೈಡ್ ಶೇ. 8ಕ್ಕಿಂತ ಹೆಚ್ಚು, ಟೈಟಾನಿಯಂ ಡೈಆಕ್ಸೈಡ್ ಶೇ. 0.5ಕ್ಕಿಂತ ಕಡಿಮೆ ಇರಬೇಕೆಂಬ ನಿಯಮವಿದೆ. ಒಂದೇ ಒಂದು ಭಾಗಾಕಾರದಿಂದ ಶಿಲೆ ಗೆರೆಯ ಈಚೆಯಿಂದ ಆಚೆಗೆ ಹೋಗುತ್ತದೆ. ಆದ್ದರಿಂದ ಕಳೆದ ತೂಕವನ್ನು ಪಟ್ಟಿಯಲ್ಲಿ ನಮೂದಿಸದ ವಿಶ್ಲೇಷಣೆಯನ್ನು, ಅದು ಎಷ್ಟೇ ಪ್ರಸಿದ್ಧ ಪ್ರಬಂಧದಲ್ಲಿದ್ದರೂ, ಗಡಿಯ ತೀರ್ಮಾನಕ್ಕೆ ಬಳಸಬಾರದೆಂಬುದು ನನ್ನ ಅಭಿಪ್ರಾಯ.

ಇನ್ನು ಯಾವ ಧಾತುಗಳನ್ನು ನಂಬಬೇಕು ಎಂಬ ವಿಚಾರ. ಪೊಟ್ಯಾಸಿಯಂ, ರುಬಿಡಿಯಂ, ಬೇರಿಯಂ, ಸ್ಟ್ರಾನ್ಷಿಯಂ, ಯುರೇನಿಯಂ ಇವು ನೀರಿನಲ್ಲಿ ಸುಲಭವಾಗಿ ಓಡಾಡುತ್ತವೆ. ಹಳೆಯ ಬಸಾಲ್ಟಿನಲ್ಲಿ ಇವು ಹೆಚ್ಚಾಗಿದ್ದರೆ ಮುಳುಗಿದ ಫಲಕದ ನೀರು ಕಾರಣವೋ, ನಂತರದ ಸಮುದ್ರದ ನೀರು ಕಾರಣವೋ ಹೇಳುವುದು ಕಷ್ಟ. ಟೈಟಾನಿಯಂ, ವೆನೇಡಿಯಂ, ಜಿರ್ಕೋನಿಯಂ, ಇಟ್ರಿಯಂ, ನಿಯೋಬಿಯಂ, ಥೋರಿಯಂ ಮತ್ತು ಬಹುಪಾಲು ವಿರಳ ಭಸ್ಮ ಧಾತುಗಳು ಇದ್ದಲ್ಲೇ ಇರುತ್ತವೆ. ಮೊದಲ ಗುಂಪಿನ ಪ್ರತಿಯೊಂದು ಧಾತುವನ್ನೂ ಜಿರ್ಕೋನಿಯಂ ಎದುರು ಗುರುತಿಸಿ ನೋಡಿದರೆ, ಯಾವುದು ಒಪ್ಪವಾದ ಗೆರೆಯಲ್ಲಿ ನಿಲ್ಲುತ್ತದೆ, ಯಾವುದು ಚದುರುತ್ತದೆ ಎಂಬುದು ನಿಮ್ಮ ಮಾದರಿಗಳಿಗೇ ಅನ್ವಯಿಸುವಂತೆ ತಿಳಿಯುತ್ತದೆ.

ಟೈಟಾನಿಯಂ ಮತ್ತು ವೆನೇಡಿಯಂ

ಈ ಜೋಡಿಯನ್ನು 1982ರಲ್ಲಿ ಜಾನ್ ಶರ್ವೇ ಬಳಕೆಗೆ ತಂದರು. ಲೆಕ್ಕ ಸರಳವಾಗಿದೆ. ಟೈಟಾನಿಯಂ ಡೈಆಕ್ಸೈಡಿನ ಶೇಕಡಾ ಪ್ರಮಾಣವನ್ನು 5,993ರಿಂದ ಗುಣಿಸಿದರೆ ಟೈಟಾನಿಯಂ ಎಷ್ಟು ಪಿಪಿಎಂ ಎಂದು ಸಿಗುತ್ತದೆ, ಅದನ್ನು ವೆನೇಡಿಯಂನ ಪಿಪಿಎಂನಿಂದ ಭಾಗಿಸಬೇಕು. ಸಾಮಾನ್ಯ ಮಾರ್ಬ್‌ನಲ್ಲಿ ಅನುಪಾತ 20ರಿಂದ 50ರ ನಡುವೆ, ಜ್ವಾಲಾಮುಖಿ ಸಾಲಿನ ಬಸಾಲ್ಟಿನಲ್ಲಿ 10ರಿಂದ 20ರ ನಡುವೆ ಇರುತ್ತದೆ, ಬೋನಿನೈಟ್‌ನಲ್ಲಿ ಅದಕ್ಕಿಂತಲೂ ಕೆಳಗಿಳಿಯುತ್ತದೆ. ಬೋನಿನ್ ಪ್ರದೇಶದ ಫೋರ್‌ಆರ್ಕ್ ಬಸಾಲ್ಟ್‌ಗಳಲ್ಲಿ ಇದು 14-16ರ ಆಸುಪಾಸಿನಲ್ಲಿದೆ, ಅಲ್ಲೇ ಕೆಳಗಿಳಿಯುತ್ತಿರುವ ಪೆಸಿಫಿಕ್ ಫಲಕದ ಬಸಾಲ್ಟಿನಲ್ಲಿ 26-32 ಇದೆ.

ಕೇವಲ ಅಭ್ಯಾಸಕ್ಕಾಗಿ ಮೂರು ಕಲ್ಪಿತ ಮಾದರಿಗಳನ್ನು ತೆಗೆದುಕೊಳ್ಳೋಣ. ಮೊದಲನೆಯದರಲ್ಲಿ ಟೈಟಾನಿಯಂ ಡೈಆಕ್ಸೈಡ್ ಶೇ. 1.40, ವೆನೇಡಿಯಂ 320 ಪಿಪಿಎಂ, ಅನುಪಾತ 26.2. ಎರಡನೆಯದರಲ್ಲಿ ಶೇ. 0.95 ಮತ್ತು 360, ಅನುಪಾತ 15.8. ಮೂರನೆಯದರಲ್ಲಿ ಶೇ. 0.25 ಮತ್ತು 180, ಅನುಪಾತ 8.3. ವೆನೇಡಿಯಂ ಅಳತೆಯಲ್ಲಿ ಶೇ. 5, ಟೈಟಾನಿಯಂ ಅಳತೆಯಲ್ಲಿ ಶೇ. 2 ಅನಿಶ್ಚಿತತೆ ಇದ್ದರೆ ಅನುಪಾತದ ಅನಿಶ್ಚಿತತೆ ಸುಮಾರು ಶೇ. 5.4 ಆಗುತ್ತದೆ, ಅಂದರೆ ಎರಡನೆಯ ಮಾದರಿಯನ್ನು 15.8 ± 0.9 ಎಂದು ಬರೆಯಬೇಕು. ಈ ವ್ಯಾಪ್ತಿಯಲ್ಲಿ ಅದು ಮೊದಲನೆಯದರಿಂದ ಬೇರೆಯೇ ಎಂಬುದರಲ್ಲಿ ಸಂಶಯವಿಲ್ಲ.

ಇಲ್ಲಿಂದ ಮುಂದೆ ಅವಸರ ಸಲ್ಲದು. ಅನುಪಾತ ತಗ್ಗಲು ಎರಡು ಬೇರೆ ಬೇರೆ ಕಾರಣಗಳಿವೆ. ನೀರಿನ ಪ್ರಭಾವಕ್ಕೆ ಒಳಗಾದ, ಉತ್ಕರ್ಷಿತ ಮ್ಯಾಂಟಲಿನಲ್ಲಿ ವೆನೇಡಿಯಂ ಹೆಚ್ಚಿನ ವೇಲೆನ್ಸಿಗೆ ಏರಿ, ಹರಳುಗಳನ್ನು ಬಿಟ್ಟು ದ್ರವಕ್ಕೆ ಹೆಚ್ಚು ಹೋಗುತ್ತದೆ. ಅದಲ್ಲದೆ, ಹಿಂದೆ ಒಮ್ಮೆ ಕರಗಿದ್ದ ಮ್ಯಾಂಟಲ್ ಟೈಟಾನಿಯಂ ಅನ್ನು ಕಳೆದುಕೊಂಡಿರುತ್ತದೆ, ಆದರೆ ವೆನೇಡಿಯಂ ಅಷ್ಟಾಗಿ ಕಳೆದುಕೊಂಡಿರುವುದಿಲ್ಲ. ಫೋರ್‌ಆರ್ಕ್ ಬಸಾಲ್ಟಿನಲ್ಲಿ ಮುಖ್ಯವಾಗಿ ಕೆಲಸ ಮಾಡುವುದು ಈ ಎರಡನೆಯ ಕಾರಣ. ತಗ್ಗಿದ ಅನುಪಾತವನ್ನು ಕಂಡ ಕೂಡಲೇ ಸಬ್‌ಡಕ್ಷನ್‌ನ ನೀರು ಅಲ್ಲಿತ್ತು ಎಂದು ಬರೆದುಬಿಡುವುದು ಈ ಕ್ಷೇತ್ರದ ಅತ್ಯಂತ ಸಾಮಾನ್ಯ ದೋಷ. ಇದರೊಂದಿಗೆ, ಲಾವಾ ತಣಿಯುತ್ತ ಟೈಟಾನಿಯಂಯುಕ್ತ ಮ್ಯಾಗ್ನೆಟೈಟ್ ಹರಳುಗಟ್ಟತೊಡಗಿದರೆ ಎರಡೂ ಧಾತುಗಳು ಅದರೊಳಗೆ ಹೋಗಿ ಅನುಪಾತ ಅರ್ಥ ಕಳೆದುಕೊಳ್ಳುತ್ತದೆ. ಮೆಗ್ನೀಸಿಯಂ ಆಕ್ಸೈಡ್ ಶೇ. 6ಕ್ಕಿಂತ ಕಡಿಮೆ ಇರುವ ಮಾದರಿಗಳನ್ನು ಈ ನಕ್ಷೆಯಿಂದ ಹೊರಗಿಡುವುದು ಒಳ್ಳೆಯದು.

ಥೋರಿಯಂ ಮತ್ತು ನಿಯೋಬಿಯಂ

ನೀರು ಅಥವಾ ಕರಗಿದ ಮಡ್ಡಿ ಕೆಳಗಿನ ಫಲಕದಿಂದ ಬಂದಿತ್ತೇ ಎಂಬುದನ್ನು ಕೇಳಲು ಈ ಜೋಡಿ ಬೇಕು. ಮ್ಯಾಂಟಲ್ ಕರಗುವಾಗ ಎರಡೂ ಧಾತುಗಳು ಬಹುತೇಕ ಒಂದೇ ರೀತಿ ವರ್ತಿಸುತ್ತವೆ, ಆದರೆ ಮುಳುಗಿದ ಫಲಕ ಬಿಟ್ಟುಕೊಡುವ ಘಟಕದಲ್ಲಿ ಥೋರಿಯಂ ಮೇಲಕ್ಕೆ ಬರುತ್ತದೆ, ನಿಯೋಬಿಯಂ ಹಿಂದೆ ಉಳಿಯುತ್ತದೆ. ಎರಡನ್ನೂ ಇಟ್ಟರ್ಬಿಯಂನಿಂದ ಭಾಗಿಸಿ ಒಂದರ ಎದುರು ಒಂದನ್ನು ಗುರುತಿಸುವ ನಕ್ಷೆಯನ್ನು ಜೂಲಿಯನ್ ಪಿಯರ್ಸ್ ರೂಪಿಸಿದರು. ಮಾರ್ಬ್‌ನಿಂದ ಹಿಡಿದು ಹವಾಯಿಯಂತಹ ಸಾಗರ ದ್ವೀಪಗಳ ಬಸಾಲ್ಟಿನವರೆಗೆ ಎಲ್ಲವೂ ಅದರಲ್ಲಿ ಓರೆಯಾದ ಒಂದು ಪಟ್ಟಿಯಾಗಿ ಬೀಳುತ್ತವೆ, ಜ್ವಾಲಾಮುಖಿ ಸಾಲಿನ ಬಸಾಲ್ಟ್ ಆ ಪಟ್ಟಿಯ ಮೇಲಕ್ಕೆ ಎದ್ದು ನಿಲ್ಲುತ್ತದೆ.

ಸಾಮಾನ್ಯ ಮಾರ್ಬ್‌ನಲ್ಲಿ ಥೋರಿಯಂ ಸುಮಾರು 0.12 ಪಿಪಿಎಂ, ನಿಯೋಬಿಯಂ 2.33 ಪಿಪಿಎಂ ಎಂದು ಇಟ್ಟುಕೊಂಡರೆ ಅನುಪಾತ 0.05 ಬರುತ್ತದೆ. ಮೇಲಿನ ಎರಡನೆಯ ಕಲ್ಪಿತ ಮಾದರಿಯಲ್ಲಿ ಥೋರಿಯಂ 0.07, ನಿಯೋಬಿಯಂ 1.3 ಇದ್ದರೆ ಅನುಪಾತ ಮತ್ತೆ 0.05, ಮೂರನೆಯದರಲ್ಲಿ 0.25 ಮತ್ತು 0.6 ಇದ್ದರೆ 0.42. ಈಗ ಎರಡೂ ಜೋಡಿಗಳನ್ನು ಒಟ್ಟಿಗೆ ಓದಬೇಕು. ಎರಡನೆಯ ಮಾದರಿಯ ಮೂಲ ಮ್ಯಾಂಟಲ್ ಸಾಮಾನ್ಯಕ್ಕಿಂತ ಹೆಚ್ಚು ಸಾರ ಕಳೆದುಕೊಂಡಿತ್ತು, ಆದರೆ ಅದಕ್ಕೆ ಕೆಳಗಿನ ಫಲಕದಿಂದ ಏನೂ ಸೇರಿರಲಿಲ್ಲ. ಮೂರನೆಯದರ ಮೂಲ ಇನ್ನಷ್ಟು ಸಾರಹೀನವಾಗಿತ್ತು, ಜತೆಗೆ ಫಲಕದ ಕೊಡುಗೆಯೂ ಸೇರಿತ್ತು. ಮೊದಲನೆಯದು ಸಾಮಾನ್ಯ ಸಾಗರತಳ. ಮೂರನ್ನೂ ಕಾಲಕ್ರಮದಲ್ಲಿ ಜೋಡಿಸಿದಾಗ ಫಲಕದ ಇಳಿತ ಶುರುವಾದ ಕಥೆ ತೆರೆದುಕೊಳ್ಳುತ್ತದೆ. ಕ್ರಮವನ್ನು ತೆಗೆದುಹಾಕಿದರೆ ಉಳಿಯುವುದು ಮೂರು ಬಿಡಿ ಶಿಲೆಗಳಷ್ಟೇ.

ಐಸೋಟೋಪ್‌ಗಳ (ಒಂದೇ ಧಾತುವಿನ ಬೇರೆ ಬೇರೆ ತೂಕದ ರೂಪಗಳ) ಬಗ್ಗೆ ಸಂಕ್ಷಿಪ್ತವಾಗಿ ಹೇಳುವುದಾದರೆ, ನಿಯೋಡಿಮಿಯಂ ಮತ್ತು ಹ್ಯಾಫ್ನಿಯಂ ಹಳೆಯ ಶಿಲೆಗಳಲ್ಲಿ ವಿಶ್ವಾಸಾರ್ಹ. ಸ್ಟ್ರಾನ್ಷಿಯಂ ಮತ್ತು ಸೀಸವನ್ನು ಅಳೆಯುವ ಮುನ್ನ ಪುಡಿಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಚೆನ್ನಾಗಿ ತೊಳೆದು ಸಮುದ್ರದ ನೀರಿನ ಪಾಲನ್ನು ತೆಗೆಯಬೇಕು. ಹಾಗೆ ತೊಳೆದ ಪುಡಿಯನ್ನು ಧಾತುಗಳ ಪ್ರಮಾಣ ಅಳೆಯಲು ಬಳಸಬಾರದು.

ಅನುಕ್ರಮವನ್ನು ಕಟ್ಟುವುದು

352ನೆಯ ಯಾನದ ಹಡಗಿನಲ್ಲಿ ಕೊರೆದು ತೆಗೆದ ಶಿಲಾಸ್ತಂಭದ ಕತ್ತರಿಸಿದ ಮುಖವನ್ನು ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರದಿಂದ ಉದ್ದಕ್ಕೂ ಅಳೆದು, ರಸಾಯನ ಎಲ್ಲಿ ಬದಲಾಗುತ್ತದೆ ಎಂಬುದನ್ನು ಅಲ್ಲಿಂದಲ್ಲೇ ಗುರುತಿಸಲಾಯಿತು. ನೆಲದ ಮೇಲಿನ ಕ್ಷೇತ್ರಕಾರ್ಯಕ್ಕೂ ಇದು ಅನುಕರಣೀಯ ವಿಧಾನ. ಮೊದಲು ಈ ಯಂತ್ರದಿಂದ ಟೈಟಾನಿಯಂ, ಜಿರ್ಕೋನಿಯಂ, ಕ್ರೋಮಿಯಂಗಳ ಒರಟು ಅಂಕಿಗಳನ್ನು ದೂರ ದೂರದ ಅಂತರದಲ್ಲಿ ಪಡೆದು, ಬದಲಾವಣೆ ಕಂಡಲ್ಲಿ ಮಾತ್ರ ಒತ್ತೊತ್ತಾಗಿ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಒಯ್ಯಬೇಕು.

ಆ ಯಾನ ಇನ್ನೊಂದು ಪಾಠವನ್ನೂ ಕಲಿಸಿತು. ಬೋನಿನೈಟನ್ನು ಕೊರೆಯುತ್ತ ಹೋದರೆ ಅದರಡಿ ಫೋರ್‌ಆರ್ಕ್ ಬಸಾಲ್ಟ್ ಸಿಗುತ್ತದೆ ಎಂಬ ನಿರೀಕ್ಷೆಯಿತ್ತು. ಸಿಕ್ಕದ್ದು ಬೇರೆ ರೀತಿ. ಎರಡೂ ಬಗೆಯ ಲಾವಾಗಳ ಬುಡದಲ್ಲಿ ಅವುಗಳದ್ದೇ ಡೈಕುಗಳು ಕಂಡವು, ಅಂದರೆ ಅವು ಒಂದರ ಮೇಲೊಂದು ಅಟ್ಟಿಯಾಗಿರದೆ ಅಕ್ಕಪಕ್ಕದಲ್ಲಿ ರೂಪುಗೊಂಡಿದ್ದವು. ಸಾಗರತಳ ಹಿಗ್ಗುತ್ತ ಹೋದಂತೆ ಉಕ್ಕುವ ಅಕ್ಷ ಕಂದಕದಿಂದ ದೂರ ಸರಿದು, ಹೊಸ ಬಗೆಯ ಲಾವಾ ಹೊಸ ಜಾಗದಲ್ಲಿ ಬಂದಿತು. ಹಾಗಾಗಿ ಕೆಳಗಿನದು ಹಳೆಯದು ಎಂಬ ನಿಯಮದ ಜತೆಗೆ, ಕಂದಕದ ಕಡೆಯಿಂದ ಒಳಗೆ ಸಾಗಿದಂತೆ ಏನಾಗುತ್ತದೆ ಎಂಬುದನ್ನೂ ಅಳೆಯಬೇಕು.

ಕಾಲನಿರ್ಣಯಕ್ಕೆ ಲಾವಾದಲ್ಲಾದರೆ, ಪೊಟ್ಯಾಸಿಯಂ ಕ್ಷಯಿಸಿ ಉಂಟಾದ ಆರ್ಗಾನನ್ನು ಅಳೆಯುವ ಆರ್ಗಾನ್ ವಿಧಾನ, ಜತೆಗಿರುವ ಗ್ಯಾಬ್ರೋದಲ್ಲಾದರೆ ಜಿರ್ಕಾನ್ ಹರಳಿನ ಯುರೇನಿಯಂ-ಸೀಸ ವಿಧಾನ ಒದಗುತ್ತದೆ. ಫೋರ್‌ಆರ್ಕ್ ಬಸಾಲ್ಟಿನಲ್ಲಿ ಪೊಟ್ಯಾಸಿಯಂ ತೀರ ಕಡಿಮೆ ಇರುವುದರಿಂದ ಆರ್ಗಾನ್ ವಿಧಾನಕ್ಕೆ ಅದು ಒಗ್ಗುವುದು ಕಷ್ಟ, ಸಾಧ್ಯವಿದ್ದಲ್ಲೆಲ್ಲ ಜಿರ್ಕಾನ್ ಹುಡುಕಬೇಕು. ಇದೇ ಅನುಕ್ರಮ ನೆಲದ ಮೇಲೂ ಉಳಿದಿದೆ. ಒಮಾನಿನ ಸೆಮೈಲ್ ಮತ್ತು ಸೈಪ್ರಸ್‌ನ ಟ್ರೂಡೋಸ್‌ಗಳಲ್ಲಿ ಭೂಮಿಯ ಮೇಲಕ್ಕೆ ತಳ್ಳಲ್ಪಟ್ಟ ಸಾಗರತಳದ ಹಾಳೆಗಳಿದ್ದು, ಹಡಗಿಲ್ಲದೆ ನಡೆದೇ ಅವುಗಳ ಅಡ್ಡಕೊಯ್ತವನ್ನು ನೋಡಬಹುದು.

ಭೂಖಂಡದ ಬೆರಕೆ ಮತ್ತು ಧಾರವಾಡ ಶಿಲೆಗಳು

ಥೋರಿಯಂ ಏರಿದ್ದು ನಿಯೋಬಿಯಂ ತಗ್ಗಿದ್ದರೆ ಅದು ಸಬ್‌ಡಕ್ಷನ್ನೇ ಆಗಬೇಕಿಲ್ಲ. ಭೂಖಂಡದ ಕವಚದಲ್ಲೂ ಇದೇ ಲಕ್ಷಣವಿದೆ, ಅದರ ಸರಾಸರಿ ಥೋರಿಯಂ-ನಿಯೋಬಿಯಂ ಅನುಪಾತ ಸುಮಾರು 0.7. ಬಿಸಿ ಲಾವಾ ಮೇಲೇರುವಾಗ ಆ ಕವಚವನ್ನು ಕರಗಿಸಿ ಬೆರೆಸಿಕೊಂಡರೆ ಜ್ವಾಲಾಮುಖಿ ಸಾಲಿನ ಮುಖವಾಡ ಧರಿಸುತ್ತದೆ. ದಖ್ಖನ್ ಬಸಾಲ್ಟಿನಲ್ಲಿ, ಪಶ್ಚಿಮ ಘಟ್ಟದ ಬುಶೆ ಎಂಬ ಲಾವಾ ಘಟಕ ಇದಕ್ಕೆ ಸ್ಪಷ್ಟ ನಿದರ್ಶನ. ಅಲ್ಲಿ ಯಾವ ಸಬ್‌ಡಕ್ಷನ್ನೂ ಇರಲಿಲ್ಲ, ಆದರೂ ಅದರ ನಿಯೋಬಿಯಂ ಕೊರತೆ ಎದ್ದು ಕಾಣುತ್ತದೆ. ಬೆರಕೆಯನ್ನು ಪತ್ತೆಹಚ್ಚಲು, ಒಂದೇ ಘಟಕದ ಹಲವು ಮಾದರಿಗಳಲ್ಲಿ ಸಿಲಿಕಾ ಏರಿದಂತೆ ಥೋರಿಯಂ-ನಿಯೋಬಿಯಂ ಅನುಪಾತವೂ ಏರುತ್ತದೆಯೇ, ನಿಯೋಡಿಮಿಯಂ ಐಸೋಟೋಪ್ ಅದರ ಜತೆಗೇ ಇಳಿಯುತ್ತದೆಯೇ ಎಂದು ನೋಡಬೇಕು. ಮೂರೂ ಒಟ್ಟಿಗೆ ಚಲಿಸಿದರೆ ಬೆರಕೆಯೆಂದೇ ತಿಳಿಯಬೇಕು.

ಕನ್ನಡನಾಡಿನ ಓದುಗರಿಗೆ ಈ ಎಚ್ಚರ ಹತ್ತಿರದ ಕಾರಣಕ್ಕೇ ಬೇಕು. ಧಾರವಾಡ ಶಿಲಾಪ್ರದೇಶಕ್ಕೆ ಸೇರಿದ ಸಂಡೂರು, ಚಿತ್ರದುರ್ಗ ಮತ್ತು ಕೋಲಾರದ ಹಸಿರುಶಿಲಾ ಪಟ್ಟಿಗಳಲ್ಲಿ (ರೂಪಾಂತರಗೊಂಡ ಹಳೆಯ ಲಾವಾಗಳ ಪಟ್ಟಿಗಳಲ್ಲಿ) ಸುಮಾರು 270 ಕೋಟಿ ವರ್ಷಗಳಷ್ಟು ಹಳೆಯ ಸಾಗರದಡಿಯ ಬಸಾಲ್ಟ್‌ಗಳಿವೆ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ದಿಂಬಿನಾಕಾರದ ಲಾವಾ ಎಷ್ಟು ಚೆನ್ನಾಗಿ ಉಳಿದಿದೆ ಎಂದರೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ. ರಾಯಚೂರಿನ ಗಡಿಯಾಚೆ, ತೆಲಂಗಾಣದ ಗದ್ವಾಲ್ ಪಟ್ಟಿಯಲ್ಲಿ ಬೋನಿನೈಟ್‌ನಂತಹ ಶಿಲೆಗಳಿವೆ ಎಂದು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2005ರಲ್ಲಿ ವರದಿ ಮಾಡಿದರು. ಅಷ್ಟು ಹಿಂದೆಯೇ ಫಲಕಗಳು ಇಂದಿನಂತೆ ಇಳಿಯುತ್ತಿದ್ದವೇ ಎಂಬುದು ಭೂವಿಜ್ಞಾನದ ದೊಡ್ಡ ಚರ್ಚೆಗಳಲ್ಲಿ ಒಂದು, ಅದಕ್ಕೆ ಸಾಕ್ಷ್ಯ ನಮ್ಮ ಹೊಲಗಳ ಅಂಚಿನಲ್ಲೇ ಇದೆ ಎಂಬುದು ನನಗೆ ಯಾವಾಗಲೂ ಹುಮ್ಮಸ್ಸು ಕೊಡುವ ಸಂಗತಿ.

ಇಲ್ಲಿ ಕೆಲಸ ಮಾಡುವವರು ಬೋನಿನ್ ಕ್ರಮವನ್ನು ಹಾಗೆಯೇ ಎತ್ತಿ ತರಬಾರದು. ಈ ಶಿಲೆಗಳು ರೂಪಾಂತರಗೊಂಡಿವೆ, ಆದ್ದರಿಂದ ಸಿಲಿಕಾದ ಮೇಲೆ ಅತಿಯಾದ ಭಾರ ಹೊರಿಸುವಂತಿಲ್ಲ. ಸುತ್ತಲೂ ಇನ್ನೂ ಹಳೆಯ ಭೂಖಂಡದ ಕವಚದ ನೀಸ್ ಎಂಬ ರೂಪಾಂತರ ಶಿಲೆಗಳಿರುವುದರಿಂದ ಬೆರಕೆಯ ಸಾಧ್ಯತೆ ಸದಾ ಇದೆ. ನೀಸನ್ನು ಬೆರೆಸಿಕೊಂಡ ಕೊಮಾಟಿಯೈಟ್ ಎಂಬ, ಮೆಗ್ನೀಸಿಯಂ ಹೇರಳವಾಗಿರುವ ಪುರಾತನ ಲಾವಾ ಸಿಲಿಕಾದಲ್ಲೂ ಮೆಗ್ನೀಸಿಯಂನಲ್ಲೂ ಬೋನಿನೈಟನ್ನು ಹೋಲುತ್ತದೆ. ಎರಡನ್ನೂ ಬೇರ್ಪಡಿಸಲು ಅಲ್ಯೂಮಿನಾವನ್ನು ಟೈಟಾನಿಯಂ ಡೈಆಕ್ಸೈಡಿನಿಂದ ಭಾಗಿಸಿ ನೋಡಬೇಕು. ಅಲ್ಯೂಮಿನಾ ಕಳೆದುಕೊಳ್ಳದ ಕೊಮಾಟಿಯೈಟ್‌ನಲ್ಲಿ ಇದು ಸುಮಾರು 20 ಇರುತ್ತದೆ, ಬೋನಿನೈಟ್‌ನಲ್ಲಿ ಅದಕ್ಕಿಂತ ಬಹಳ ಹೆಚ್ಚು. ಶಿಲೆಯಲ್ಲಿ ಕ್ರೋಮ್ ಸ್ಪಿನೆಲ್ ಹರಳುಗಳ ನಡುಭಾಗ ಉಳಿದಿದ್ದರೆ ಮೈಕ್ರೋಪ್ರೋಬ್‌ನಲ್ಲಿ ಅದನ್ನು ಅಳೆಯಬೇಕು. ಕ್ರೋಮಿಯಂ ಮತ್ತು ಅಲ್ಯೂಮಿನಿಯಂಗಳ ಪರಮಾಣು ಮೊತ್ತದಲ್ಲಿ ಕ್ರೋಮಿಯಂ ಪಾಲು 0.7ನ್ನು ಮೀರಿದ್ದರೆ ಬಹಳ ಸಾರ ಕಳೆದುಕೊಂಡ ಮ್ಯಾಂಟಲಿನ ಕಡೆಗೆ ಅದು ಬೆರಳು ತೋರುತ್ತದೆ, ಕೊಮಾಟಿಯೈಟಿನಲ್ಲೂ ಎತ್ತರದ ಪಾಲು ಕಾಣಬಹುದಾದ್ದರಿಂದ ಇದನ್ನು ಮೇಲಿನ ಅನುಪಾತದ ಜತೆಗೇ ಓದಬೇಕು. ಆ ಬಳಿಕ ಉಳಿಯುವುದು ಅತ್ಯಂತ ಕಷ್ಟದ ಕೆಲಸ. ಮಡಿಕೆಗಳು ಮತ್ತು ಸ್ತರಭಂಗಗಳು ಬುಡಮೇಲು ಮಾಡಿರುವ ಪಟ್ಟಿಯೊಳಗೆ ಯಾವ ಲಾವಾ ಮೊದಲಿನದು ಎಂದು ದಿಂಬುಗಳ ಆಕಾರದಿಂದ ಮೇಲು-ಕೆಳಗನ್ನು ಓದಿ ತಿಳಿಯಬೇಕು. ದಿಂಬಿನ ಉಬ್ಬಿದ ಬೆನ್ನು ಮೂಲ ಮೇಲ್ಭಾಗದತ್ತ, ಚೂಪಾದ ಬಾಲ ಕೆಳಗಿನ ಎರಡು ದಿಂಬುಗಳ ಸಂದಿನತ್ತ ಇರುತ್ತದೆ. ಈ ದಿಕ್ಕನ್ನು ಪ್ರತಿ ಮಾದರಿಯ ಪಕ್ಕದಲ್ಲಿ ನಕ್ಷೆಯ ಮೇಲೆ ಬಾಣದ ಗುರುತಾಗಿ ಹಾಕಿದ ನಂತರವೇ ಸುತ್ತಿಗೆಯನ್ನು ಎತ್ತಬೇಕು.